ಹೊಸ ಮನೆಯ ಎಸಿ ನೀರಿಗೆ ಯಾವ ದಾರಿ? ನೇರ ಪೈಪ್, ಗೋಡೆಯೊಳಗಿನ ಪೈಪ್, ಪಂಪ್, ಬಕೆಟ್: ಒಂದು ಹೋಲಿಕೆ

ಹೊಸ ಮನೆಗೆ ಎಸಿ ಹಾಕಿಸುವಾಗ ಎಲ್ಲರೂ ಎಷ್ಟು ಟನ್ ಅಂತ ಕೇಳುತ್ತಾರೆ. ಕರೆಂಟ್ ಎಷ್ಟು ಎಳೆಯುತ್ತದೆ, ಸದ್ದು ಎಷ್ಟು ಅಂತಲೂ ಕೇಳುತ್ತಾರೆ. ಅದರಿಂದ ಬರುವ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ಆ ಪ್ರಶ್ನೆ ಏಳುವುದು ಗೋಡೆಯ ಹೊಸ ಬಣ್ಣ ಉಬ್ಬಿ ನಿಂತಾಗ, ಇಲ್ಲವೇ ಫಾಲ್ಸ್ ಸೀಲಿಂಗ್‌ನಲ್ಲಿ ಕಂದು ಕಲೆ ಕಾಣಿಸಿಕೊಂಡಾಗ. ಅಷ್ಟು ಹೊತ್ತಿಗೆ ಪೈಪ್ ಗೋಡೆಯೊಳಗೆ, ಗೋಡೆ ಪುಟ್ಟಿಯೊಳಗೆ, ಪುಟ್ಟಿ ಬಣ್ಣದೊಳಗೆ ಸೇರಿಹೋಗಿರುತ್ತದೆ.

ಈ ನೀರನ್ನು ಸಾಗಹಾಕಲು ಇರುವ ದಾರಿಗಳು ನಾಲ್ಕೈದೇ. ಮೊದಲ ದಿನ ಎಲ್ಲವೂ ಚೆನ್ನಾಗೇ ಕೆಲಸ ಮಾಡುತ್ತವೆ. ಹಾಗಾಗಿ ಯಾವುದರಲ್ಲಿ ನೀರು ಚೆನ್ನಾಗಿ ಹರಿಯುತ್ತದೆ ಅಂತ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಕಟ್ಟಿಕೊಂಡಾಗ ನೀರು ಎಲ್ಲಿಗೆ ನುಗ್ಗುತ್ತದೆ? ಕಟ್ಟಿಕೊಂಡಿದೆ ಅಂತ ನಮಗೆ ಎಷ್ಟು ಬೇಗ ಗೊತ್ತಾಗುತ್ತದೆ? ಸರಿಮಾಡಲು ಗೋಡೆ ಒಡೆಯಬೇಕಾ? ನಾನು ಆರಿಸುವುದು ಈ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು. ಕೆಳಗಿನ ಹೋಲಿಕೆಯೂ ಅದೇ ಲೆಕ್ಕದ್ದು.

ಅಷ್ಟೊಂದು ನೀರು ಎಲ್ಲಿಂದ ಬರುತ್ತದೆ

ನೀರು ಸುರಿಸುವುದು ಎಸಿಗೆ ರೋಗವಲ್ಲ, ಕಸುಬು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಮೊದಲ ಆಧುನಿಕ ಏರ್ ಕಂಡೀಷನಿಂಗ್ ವ್ಯವಸ್ಥೆ ರೂಪಿಸಿದ್ದು ಜನ ತಣ್ಣಗಿರಲಿ ಅಂತಲ್ಲ. ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ, ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವ ತೆಗೆಯಲು ಹುಟ್ಟಿದ ಯಂತ್ರ ಇದು.

ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು, ಅದರ ತೇವ ಶೇ 70 ಇದ್ದರೆ, ಸುಮಾರು 24 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಎಸಿಯ ಕಾಯಿಲ್, ಅಂದ್ರೆ ಒಳಗೆ ಗಾಳಿಯನ್ನು ತಣಿಸುವ ಕೊಳವೆಗಳ ಸುರುಳಿ, ಅದಕ್ಕಿಂತ ಎಷ್ಟೋ ತಣ್ಣಗೆ, 10 ಡಿಗ್ರಿ ಆಸುಪಾಸಿನಲ್ಲಿರುತ್ತದೆ. 1 ಟನ್ ಎಸಿ ಅಂದ್ರೆ ಸುಮಾರು 3.5 ಕಿಲೋವ್ಯಾಟ್ ತಂಪು. ತೇವದ ದಿನಗಳಲ್ಲಿ ಅದರ ಕಾಲು ಭಾಗ ಗಾಳಿಯ ತೇವವನ್ನು ನೀರು ಮಾಡುವುದಕ್ಕೇ ಖರ್ಚಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಗಂಟೆಗೆ 1 ಲೀಟರ್‌ಗಿಂತ ಸ್ವಲ್ಪ ಜಾಸ್ತಿ ನೀರು. ಒಂದೂವರೆ ಟನ್ ಯಂತ್ರ ಪೂರ್ತಿ ಜೋರಾಗಿ ಓಡಿದರೆ ಹತ್ತಿರ ಹತ್ತಿರ 2 ಲೀಟರ್.

ಅದೇ ಯಂತ್ರ ಒಣ ಹವೆಯಲ್ಲಿ ದಿನವಿಡೀ ಓಡಿದರೂ ಒಂದು ಲೋಟ ನೀರು ಬಂದರೆ ಹೆಚ್ಚು. ಹೊಸ ಮನೆಯವರು ಮೋಸ ಹೋಗುವುದು ಇಲ್ಲೇ. ಒಣ ಹವೆ ಇರುವಾಗ ಎಸಿ ಹಾಕಿ, ಆನ್ ಮಾಡಿ ತೋರಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಪೈಪ್ ತಲೆಕೆಳಗಾಗಿದ್ದರೂ ಆವತ್ತು ಗೊತ್ತಾಗುವುದಿಲ್ಲ. ತೇವದ ದಿನ ಬಂದ ಕೂಡಲೇ ಹಾಸಿಗೆ ಮೇಲೆ ತೊಟ್ಟಿಕ್ಕಲು ಶುರು.

ಹೊಸ ಮನೆಗೆ ಇನ್ನೂ ಎರಡು ಕಾಟಗಳಿವೆ. ಕಾಂಕ್ರೀಟ್, ಪ್ಲಾಸ್ಟರ್, ಪುಟ್ಟಿ ಒಣಗುತ್ತಾ ತಿಂಗಳುಗಟ್ಟಲೆ ತೇವ ಬಿಡುತ್ತವೆ, ಹಾಗಾಗಿ ಮೊದಲ ವರ್ಷ ಎಸಿಗೆ ಕೆಲಸ ಜಾಸ್ತಿ. ಇನ್ನೊಂದು ಧೂಳು. ಪುಟ್ಟಿ ಉಜ್ಜುವಾಗ, ಮರ ಕೊಯ್ಯುವಾಗ ಏಳುವ ಪುಡಿ ಒದ್ದೆ ಕಾಯಿಲ್ ಮೇಲೆ ಕೂತು, ಅದರ ಕೆಳಗೆ ನೀರು ಹಿಡಿಯುವ ಟ್ರೇಗೆ ಇಳಿದು, ಪೈಪಿನ ಮೊದಲ ಬೆಂಡ್‌ನಲ್ಲಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಕೆಲಸ ಮುಗಿಯುವ ಮುಂಚೆ ಸೆಕೆ ಅಂತ ಎಸಿ ಓಡಿಸುವ ಮನೆಗಳಲ್ಲಿ ಇದು ಗ್ಯಾರಂಟಿ. ಬಣ್ಣ, ಮರಗೆಲಸ ಎಲ್ಲ ಮುಗಿಯುವವರೆಗೆ ಇಂಡೋರ್ ಯೂನಿಟ್‌ಗೆ ಪ್ಲಾಸ್ಟಿಕ್ ಕಟ್ಟಿಡಿ, ಆನ್ ಮಾಡಲೇಬೇಡಿ.

ಮೊದಲು ಬಾಟಲಿ ಪರೀಕ್ಷೆ

ಎಸಿಯಿಂದ ನೀರು ಸೋರಿದರೆ ತಪ್ಪು ಪೈಪಿನದ್ದೇ ಅಂತ ಹೇಳಲಾಗುವುದಿಲ್ಲ. ಫಿಲ್ಟರ್ ಧೂಳು ಕಟ್ಟಿದರೆ ಅಥವಾ ಗ್ಯಾಸ್ ಕಡಿಮೆಯಾದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಐಸ್ ಕರಗುವಾಗ ನೀರು ಟ್ರೇಗೆ ಬೀಳದೆ ಮುಂದಕ್ಕೆ ಸುರಿಯುತ್ತದೆ. ತಾಮ್ರದ ಪೈಪ್ ಹಾದುಹೋಗುವ ತೂತನ್ನು ಸರಿಯಾಗಿ ಮುಚ್ಚದಿದ್ದರೆ ಹೊರಗಿನ ತೇವದ ಗಾಳಿ ಯೂನಿಟ್‌ನ ಬೆನ್ನಿಗೆ ಬಡಿದು ಅಲ್ಲೇ ಬೆವರುತ್ತದೆ. ಇನ್ನೊಂದು ಸಣ್ಣ ಕಾರಣ ತುಂಬಾ ಮನೆಗಳಲ್ಲಿ ಇರುತ್ತದೆ. ಎಷ್ಟೋ ಸ್ಪ್ಲಿಟ್ ಯೂನಿಟ್‌ಗಳಲ್ಲಿ ಡ್ರೇನ್ ಪೈಪ್ ಎಡಕ್ಕೂ ಬಲಕ್ಕೂ ಕೊಡಬಹುದು, ಬಳಸದ ಕಡೆ ಒಂದು ರಬ್ಬರ್ ಬಿರಡೆ ಇರಬೇಕು. ಪೈಪ್ ಬದಿ ಬದಲಿಸುವಾಗ ಆ ಬಿರಡೆ ಹಾಕುವುದನ್ನು ಮರೆಯುತ್ತಾರೆ. ಹೆಬ್ಬೆರಳಿನಷ್ಟು ರಬ್ಬರ್ ತುಂಡು, ಅದಿಲ್ಲದೆ ಗೋಡೆಯೆಲ್ಲ ಹಾಳು.

ಹಾಗಾಗಿ ಯಾವ ದಾರಿ ಆರಿಸಿದರೂ ಸರಿ, ಈ ಪರೀಕ್ಷೆಯನ್ನು ನಿಮ್ಮ ಕಣ್ಣೆದುರಿಗೇ ಮಾಡಿಸಿ. ಮೇನ್ ಸ್ವಿಚ್ ಆಫ್ ಮಾಡಿ. ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ತೆಗೆಯಿರಿ. ಸರ್ಕ್ಯೂಟ್ ಬೋರ್ಡ್ ಇರುವ ಬದಿ, ಸಾಮಾನ್ಯವಾಗಿ ಬಲಗಡೆ ಇರುತ್ತದೆ, ಅಲ್ಲಿಗೆ ಒಂದು ಹನಿಯೂ ತಾಗಬಾರದು. ಇನ್ನೊಂದು ಬದಿಯಲ್ಲಿ ಕಾಯಿಲ್ ಮೇಲೆ 1 ಲೀಟರ್ ನೀರನ್ನು ನಿಧಾನವಾಗಿ, ನೂಲಿನಷ್ಟು ಸಣ್ಣಗೆ ಬಿಡಿ. ಪೈಪಿನ ಕೊನೆಯಲ್ಲಿ ಒಬ್ಬರು ಪಾತ್ರೆ ಹಿಡಿದು ನಿಂತಿರಲಿ. ಸ್ವಲ್ಪ ಹೊತ್ತಿಗೆ ನೀರು ಒಂದೇ ಸಮ ಬರಲು ಶುರುವಾಗಿ, ಹಾಕಿದ್ದರಲ್ಲಿ ಬಹುಪಾಲು ಪಾತ್ರೆಗೆ ಸೇರಬೇಕು. ತಡೆದು ತಡೆದು, ಗುಳುಗುಳು ಅಂತ ಬಂದರೆ ಎಲ್ಲೋ ಪೈಪ್ ಜೋತುಬಿದ್ದು ಒಳಗೆ ಗಾಳಿ ಸಿಕ್ಕಿಕೊಂಡಿದೆ. ಕೊನೆಯಲ್ಲಿ ಅರ್ಧವೇ ಸಿಕ್ಕಿದರೆ ಉಳಿದದ್ದು ಗೋಡೆಯಲ್ಲಿದೆ. ನೀರೆಲ್ಲ ಸರಿಯಾಗಿ ಹೊರಬಂದೂ ಎಸಿ ಓಡುವಾಗ ಸೋರಿದರೆ ಪೈಪ್ ಬಿಟ್ಟುಬಿಡಿ. ಐಸ್, ಬಿರಡೆ, ಟ್ರೇ, ಯೂನಿಟ್ ವಾಲಿರುವುದು, ಇವುಗಳನ್ನು ನೋಡಿಸಿ.

ನೇರವಾಗಿ ಗೋಡೆಯಾಚೆಗೆ

ಯೂನಿಟ್ ಹೊರಗೋಡೆಯ ಮೇಲಿದ್ದರೆ ಬೇರೆ ಯೋಚನೆಯೇ ಬೇಡ. ಗೋಡೆಗೆ ಹೊರಕ್ಕೆ ಸ್ವಲ್ಪ ಇಳಿಜಾರಾಗಿ ತೂತು, ಅದರಿಂದ ಆಚೆ ಪೈಪ್, ಕೆಲಸ ಮುಗಿಯಿತು. ಪೈಪ್ ಗಿಡ್ಡ, ಬೆಂಡ್ ಕಡಿಮೆ, ಕೊನೆ ಕಣ್ಣಿಗೆ ಕಾಣುತ್ತದೆ. ಕಟ್ಟಿಕೊಂಡರೆ ಹೊರಗೆ ಹನಿ ಬೀಳುವುದು ನಿಂತಿರುವುದು ಗಮನಕ್ಕೆ ಬರುತ್ತದೆ, ಹತ್ತು ನಿಮಿಷದಲ್ಲಿ ಸರಿಮಾಡಬಹುದು.

ಇಳಿಜಾರು, ಅಂದ್ರೆ ವಾಟ, ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ಇರಬೇಕು. ನಾನಾದರೆ 2 ಸೆಂಟಿಮೀಟರ್ ಕೇಳುತ್ತೇನೆ. ಯಾಕಂದ್ರೆ 1 ಕೊಡಿ ಅಂದರೆ ಸಿಗುವುದು ಅರ್ಧ.

ಇದರಲ್ಲಿ ಎಡವುವುದು ಗೋಡೆಯಾಚೆ. ಎಸಿ ಜೊತೆ ಬರುವ ಸುಕ್ಕು ಸುಕ್ಕಿನ ಮೆತ್ತನೆ ಪೈಪನ್ನೇ ಹೊರಗೂ ಉದ್ದಕ್ಕೆ ಎಳೆದು ನೇತುಹಾಕುತ್ತಾರೆ. ಅದು ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ, ನಡುವೆ ಜೋತುಬೀಳುತ್ತದೆ, ಸುಕ್ಕುಗಳಲ್ಲಿ ಲೋಳೆ ಹಿಡಿಯುತ್ತದೆ. ಮೆತ್ತನೆ ಪೈಪ್ ಗೋಡೆಯ ತೂತು ದಾಟುವವರೆಗೆ ಮಾತ್ರ ಇರಲಿ. ಆಮೇಲೆ 20 ಅಥವಾ 25 ಮಿಲಿಮೀಟರ್‌ನ ಗಟ್ಟಿ ಪಿವಿಸಿ ಪೈಪ್, ಅಲ್ಲಲ್ಲಿ ಕ್ಲಾಂಪ್ ಹಾಕಿ ನೆಲದವರೆಗೆ. ಕೊನೆ ನೆಲದಿಂದ ಸ್ವಲ್ಪ ಮೇಲೆ, ಬಯಲಲ್ಲಿ ನಿಲ್ಲಲಿ. ನೀರಲ್ಲಿ ಮುಳುಗಿರಬಾರದು. ಸ್ಟ್ರಾ ಬಾಯಿಗೆ ಬೆರಳಿಟ್ಟರೆ ಒಳಗಿನ ನೀರು ಇಳಿಯುತ್ತದಾ? ಇಲ್ಲಿಯೂ ಅದೇ ಕಥೆ, ಒಳಗಿನ ಗಾಳಿಗೆ ಹೊರಬರಲು ದಾರಿ ಇಲ್ಲದಿದ್ದರೆ ನೀರು ಮೇಲೆಯೇ ನಿಲ್ಲುತ್ತದೆ.

ಇನ್ನು ಕುಂಬಾರ ಹುಳ. ಎಸಿ ಬಳಸದ ತಿಂಗಳುಗಳಲ್ಲಿ ಒಣಗಿದ ಪೈಪಿನ ಬಾಯಿ ಅದಕ್ಕೆ ಹೇಳಿಮಾಡಿಸಿದ ಜಾಗ. ಮಣ್ಣು ತಂದು ಮುಚ್ಚಿಬಿಡುತ್ತದೆ. ತಡೆಯಲು ಬಾಯಿಗೆ ಸಣ್ಣ ಜಾಲರಿ ಕಟ್ಟುವವರಿದ್ದಾರೆ, ಆದರೆ ಆ ಜಾಲರಿಯೇ ಲೋಳೆ ಹಿಡಿದು ಮುಚ್ಚಿಕೊಳ್ಳುತ್ತದೆ. ದೊಡ್ಡ ಕಣ್ಣಿನ ಜಾಲರಿ, ಅದೂ ಕೈಯಲ್ಲಿ ಕಿತ್ತು ತೊಳೆಯುವಂತಿದ್ದರೆ ಸರಿ. ಇಲ್ಲದಿದ್ದರೆ ಸುಮ್ನೆ ಬಿಡಿ, ಎಸಿ ಹಚ್ಚುವ ಕಾಲ ಬರುವ ಮುಂಚೆ ಒಮ್ಮೆ ಕಡ್ಡಿ ಹಾಕಿ ನೋಡಿದರೆ ಸಾಕು.

ಕೆಳಮನೆಯವರ ಸಜ್ಜದ ಮೇಲೆ ನೀರು ಬೀಳಿಸುವುದು ಮಾತ್ರ ಬೇಡ. ರಾತ್ರಿಯಿಡೀ ಟಪ್ ಟಪ್ ಅನ್ನುವ ಸದ್ದಿಗೆ ಜಗಳ ಹುಟ್ಟಲು ಹೆಚ್ಚು ದಿನ ಬೇಕಿಲ್ಲ.

ಗೋಡೆಯೊಳಗೆ ಹುದುಗಿಸಿದ ಪೈಪ್

ಹೊಸ ಮನೆಗಳಲ್ಲಿ ಹೆಚ್ಚು ಜನ ಆರಿಸುವುದು ಇದನ್ನೇ, ಹೆಚ್ಚು ಕೆಡುವುದೂ ಇದೇ. ನೋಡಲು ಅಚ್ಚುಕಟ್ಟು, ಹೊರಗೆ ಏನೂ ಕಾಣುವುದಿಲ್ಲ. ಕಾಣುವುದಿಲ್ಲ ಅನ್ನುವುದೇ ಅದರ ತೊಂದರೆ ಕೂಡ.

ತಪ್ಪು ಹುಟ್ಟುವ ಬಗೆ ಹೀಗೆ. ಗೋಡೆ ಕೊರೆಯುವವರು ಒಬ್ಬರು, ಪೈಪ್ ಕೂರಿಸುವ ಪ್ಲಂಬರ್ ಇನ್ನೊಬ್ಬರು, ತಿಂಗಳುಗಳಾದ ಮೇಲೆ ಎಸಿ ಹಾಕಲು ಬರುವವರು ಮತ್ತೊಬ್ಬರು. ಮೂವರೂ ಒಟ್ಟಿಗೆ ಆ ಗೋಡೆಯ ಮುಂದೆ ನಿಲ್ಲುವುದೇ ಇಲ್ಲ. ಪೈಪಿನ ಬಾಯಿ ಎಷ್ಟು ಎತ್ತರಕ್ಕಿರಬೇಕು ಅಂತ ಪ್ಲಂಬರ್‌ಗೆ ಯಾರೂ ಹೇಳಿರುವುದಿಲ್ಲ, ಅವರು ಅಂದಾಜಿನಲ್ಲಿ ಇಟ್ಟಿರುತ್ತಾರೆ. ಯೂನಿಟ್‌ನ ನೀರು ಹೊರಬರುವುದು ಅದರ ತಳದಿಂದ. ಗೋಡೆಯಲ್ಲಿರುವ ಬಾಯಿ ಅದಕ್ಕಿಂತ ಕೆಳಗಿರಲೇಬೇಕು. ಸಮಸಮ ಇದ್ದರೂ ಆಗದು. ಮೇಲಿದ್ದರೆ ಕೇಳುವುದೇ ಬೇಡ, ಎಸಿ ಹಾಕುವವರು ಮೆತ್ತನೆ ಪೈಪನ್ನು ಮೇಲಕ್ಕೆ ಬಗ್ಗಿಸಿ, ಟೇಪ್ ಸುತ್ತಿ, ಮುಚ್ಚಳ ಹಾಕಿ ಹೋಗುತ್ತಾರೆ.

ಆದ್ದರಿಂದ ಗೋಡೆ ಕೊರೆಯುವ ಮುಂಚೆಯೇ ಎಸಿ ಮಾಡೆಲ್ ಆರಿಸಿ, ಅದರ ಕೈಪಿಡಿಯಲ್ಲಿರುವ ಅಳತೆಯ ಚಿತ್ರ ಪ್ಲಂಬರ್ ಕೈಗೆ ಕೊಡಿ. ದೂರ ಲೆಕ್ಕ ಹಾಕಿ. ಯೂನಿಟ್‌ನಿಂದ ಬಚ್ಚಲಿನವರೆಗೆ ಅಡ್ಡಕ್ಕೆ 5 ಮೀಟರ್ ಇದ್ದರೆ, ಮೀಟರಿಗೆ 2 ಸೆಂಟಿಮೀಟರ್ ಲೆಕ್ಕದಲ್ಲಿ ಪೈಪ್ 10 ಸೆಂಟಿಮೀಟರ್ ಕೆಳಗಿಳಿಯಬೇಕು. ನಡುವೆ ಬಾಗಿಲ ಮೇಲಿನ ಲಿಂಟಲ್ ಬಂತಾ, ಕಾಂಕ್ರೀಟ್ ಕಂಬ ಬಂತಾ ನೋಡಿ. ಪೈಪಿಗೋಸ್ಕರ ಕಂಬ, ತೊಲೆ ಕೊರೆಯಲು ಬಿಡಬೇಡಿ. ಅಂಥ ಕಡೆ ದಾರಿಯನ್ನೇ ಬದಲಿಸಬೇಕು, ಇಲ್ಲವೇ ಎಸಿಯನ್ನು ಬೇರೆ ಗೋಡೆಗೆ ಸಾಗಿಸಬೇಕು.

ಪೈಪ್ 25 ಮಿಲಿಮೀಟರ್‌ಗಿಂತ ಸಣ್ಣದು ಬೇಡ. ತಿರುವಿನಲ್ಲಿ ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿದರೆ ಮುಂದೆ ಸ್ವಚ್ಛ ಮಾಡುವ ಕಂಬಿ ಸಲೀಸಾಗಿ ಒಳಹೋಗುತ್ತದೆ. ಪೈಪಿನ ಹೊರಮೈಗೂ ಹೊದಿಕೆ ಬೇಕು. ಒಳಗೆ ಹರಿಯುವ ನೀರು ತಣ್ಣಗಿರುತ್ತದೆ, ಆದ್ದರಿಂದ ತೇವದ ಗಾಳಿ ತಾಗುವ ಕಡೆ ಪೈಪೇ ಬೆವರುತ್ತದೆ. ಫಾಲ್ಸ್ ಸೀಲಿಂಗ್ ಒಳಗೆ ಒಂದೇ ಒಂದು ಜಾಯಿಂಟ್ ಸೋರದೆ ಕಲೆ ಬಿದ್ದಿದ್ದರೆ ಇದೇ ಕಾರಣ ಇರಬಹುದು. ಪೈಪಿಗೆ ತೊಡಿಸುವ ನೈಟ್ರೈಲ್ ರಬ್ಬರಿನ ಹೊದಿಕೆಯನ್ನು ಎಸಿ ಹತ್ತಿರದ ಮೊದಲ ಕೆಲವು ಮೀಟರಿಗಾದರೂ ಹಾಕಿಸಿ.

ಪ್ಲಾಸ್ಟರ್ ಆಗುವ ಮುಂಚೆ ಪೈಪಿನ ಕೆಳತುದಿಗೆ ಬಿರಡೆ ಹಾಕಿ, ಮೇಲಿನಿಂದ ನೀರು ತುಂಬಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮಟ್ಟ ಇಳಿದಿರಬಾರದು. ಆಮೇಲೆ ಬಿರಡೆ ತೆಗೆದು ನೀರು ಪೂರ್ತಿ ಖಾಲಿಯಾಗುವುದನ್ನು ನೋಡಿ. ಗೋಡೆಗೆ ಅಳತೆಯ ಟೇಪ್ ಹಿಡಿದು ಫೋಟೋ ತೆಗೆದಿಡಿ. ಮುಂದೆ ಯಾರೋ ಚಿತ್ರ ನೇತುಹಾಕಲು ಮೊಳೆ ಹೊಡೆಯುವಾಗ ಆ ಫೋಟೋ ಉಪಯೋಗಕ್ಕೆ ಬರುತ್ತದೆ.

ಕೊನೆ ಎಲ್ಲಿಗೆ ಅನ್ನುವುದು ಇನ್ನೂ ಮುಖ್ಯ. ಬಚ್ಚಲಿನ ಕೊಳಚೆ ಪೈಪಿಗೆ ನೇರವಾಗಿ ಜೋಡಿಸುವುದು ಸುಲಭ, ಅದಕ್ಕೇ ಜೋಡಿಸಿಬಿಡುತ್ತಾರೆ. ಇದಕ್ಕೆ ಒಪ್ಪಬೇಡಿ. ಎಸಿ ಓಡದ ತಿಂಗಳುಗಳಲ್ಲಿ ಪೈಪ್ ಒಣಗಿ, ಚರಂಡಿಯ ಗಾಳಿ ಸೀದಾ ಮಲಗುವ ಕೋಣೆಗೆ ಬರುತ್ತದೆ. ವಾಸನೆ ಅಷ್ಟೇ ಅಲ್ಲ. ಆ ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ತಿನ್ನುತ್ತದೆ, ಕಾಯಿಲ್ ತೂತಾಗಿ ಗ್ಯಾಸ್ ಹೋಗುತ್ತದೆ. ಕೊಳಚೆ ಪೈಪ್ ಕಟ್ಟಿಕೊಂಡರೆ ಅದರ ನೀರೂ ಈ ದಾರಿ ಹಿಡಿಯಬಹುದು. ದಿನಾ ಬಳಸುವ ಬಚ್ಚಲಿನ ಫ್ಲೋರ್ ಟ್ರ್ಯಾಪ್ (ನೆಲದ ಜಾಲರಿಯ ಕೆಳಗೆ, ನೀರು ನಿಂತು ಚರಂಡಿಯ ಗಾಳಿ ತಡೆಯುವ ಗುಂಡಿ) ಮೇಲೆ, ಜಾಲರಿಗಿಂತ ಒಂದೆರಡು ಇಂಚು ಎತ್ತರದಲ್ಲಿ ಪೈಪಿನ ಬಾಯಿ ತೆರೆದಿರಲಿ. ನೀರು ಗಾಳಿಯಲ್ಲಿ ಬಿದ್ದು ಟ್ರ್ಯಾಪ್‌ಗೆ ಇಳಿಯಲಿ. ಅಂದ ಸ್ವಲ್ಪ ಕೆಡುತ್ತದೆ ನಿಜ, ಆದರೆ ಸ್ನಾನಕ್ಕೆ ಹೋದಾಗಲೆಲ್ಲ ನೀರು ಬರುತ್ತಿದೆಯಾ ಅಂತ ಪುಕ್ಕಟೆಯಾಗಿ ಗೊತ್ತಾಗುತ್ತದೆ.

ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚುವ ಹೊಸ ಮನೆಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಅಡುಗೆಮನೆಯ ಚಿಮಣಿಯೋ ಬಚ್ಚಲಿನ ಎಕ್ಸಾಸ್ಟ್ ಫ್ಯಾನೋ ಓಡಿದಾಗ ಮನೆಗೆ ಗಾಳಿ ಬೇಕು, ಅದು ಎಸಿಯ ಡ್ರೇನ್ ಪೈಪಿನಿಂದ ನುಗ್ಗುತ್ತದೆ. ಪೈಪಿನಲ್ಲಿ ನೀರಿದ್ದರೆ ಯೂನಿಟ್ ಒಳಗೆ ಪೊಕ್ ಪೊಕ್ ಸದ್ದು. ಎಸಿ ಕೆಟ್ಟಿದೆ ಅಂತ ಗಾಬರಿಯಾಗುವವರೇ ಹೆಚ್ಚು. ಒಂದು ಕಿಟಕಿ ಬೆರಳಷ್ಟು ತೆರೆದು ನೋಡಿ, ಸದ್ದು ನಿಂತರೆ ಕಾರಣ ಇದೇ. ಗಾಳಿ ಹಿಂದಕ್ಕೆ ಬರದಂತೆ ತಡೆಯುವ ಸಣ್ಣ ಡ್ರೇನ್ ವಾಲ್ವ್ ಸಿಗುತ್ತದೆ, ಅದನ್ನು ಕೈಗೆ ಸಿಗುವ ಜಾಗದಲ್ಲಿ ಹಾಕಿಸಬಹುದು. ನೇರ ಪೈಪಿನವರಿಗೂ ಈ ಮಾತು ಅನ್ವಯಿಸುತ್ತದೆ.

ಹಲವು ಮನೆಗಳಿಗೆ ಒಂದೇ ಪೈಪ್

ಅಪಾರ್ಟ್‌ಮೆಂಟ್‌ಗಳಲ್ಲಿ ಎಲ್ಲ ಮಹಡಿಯ ಎಸಿ ನೀರಿಗೆ ಒಂದೇ ನಿಲುವು ಪೈಪ್ ಕೊಟ್ಟಿರುತ್ತಾರೆ. ಮೇಲಿನವರಿಗೆ ಇದು ಆರಾಮ. ಕೆಳಗಿನವರಿಗೆ ಅಲ್ಲ. ಬುಡದಲ್ಲಿ ಕಟ್ಟಿಕೊಂಡರೆ ಮೇಲಿನ ಎಲ್ಲ ಮನೆಗಳ ನೀರು ಕೆಳಮಹಡಿಯವರ ಎಸಿಯಿಂದ ಹೊರಬರುತ್ತದೆ, ಅವರು ಎಸಿ ಆಫ್ ಮಾಡಿದ್ದರೂ ಸರಿ.

ಮನೆ ಒಪ್ಪಿಸಿಕೊಳ್ಳುವ ಮುಂಚೆ ಕೇಳಬೇಕಾದ್ದು ಇಷ್ಟು: ಆ ಪೈಪ್ ಎಲ್ಲಿಗೆ ಹೋಗಿ ಮುಗಿಯುತ್ತದೆ, ಬುಡದಲ್ಲಿ ತೆಗೆದು ಸ್ವಚ್ಛ ಮಾಡುವ ಮುಚ್ಚಳ ಇದೆಯಾ, ತುದಿ ಮೇಲೆ ಗಾಳಿಗೆ ತೆರೆದಿದೆಯಾ, ಸ್ವಚ್ಛ ಮಾಡುವ ಹೊಣೆ ಯಾರದು. ಮೇಲ್ಮಹಡಿಯಿಂದ ಒಂದು ಬಕೆಟ್ ನೀರು ಹಾಕಿಸಿ ಕೆಳಗೆ ನಿಂತು ನೋಡಿ. ನಿಮ್ಮದು ಕೆಳಮಹಡಿಯಾಗಿದ್ದು, ಹೊರಗೋಡೆಯೂ ಇದ್ದರೆ, ಈ ಪೈಪನ್ನು ಬಿಟ್ಟು ನಿಮ್ಮದೇ ದಾರಿ ಮಾಡಿಕೊಳ್ಳಿ ಅನ್ನುವುದು ನನ್ನ ಸಲಹೆ.

ಒಂದೇ ಮನೆಯ ಎರಡು ಎಸಿಗಳನ್ನು ಸೇರಿಸುವುದಾದರೆ ಸೇರಿದ ಜಾಗದಿಂದ ಮುಂದಿನ ಪೈಪ್ ದಪ್ಪವಾಗಲಿ, 32 ಮಿಲಿಮೀಟರ್ ಇರಲಿ. ಜೋಡಣೆ ಇಳಿಮುಖದ ವೈ ಆಕಾರದಲ್ಲಿ, ಮೇಲಿನಿಂದ ಬಂದು ಸೇರಲಿ. ಆದಷ್ಟೂ ಬೇರೆ ಬೇರೆಯೇ ಇರಲಿ.

ಪಂಪ್

ಒಳಗೋಡೆ, ನೆಲಮಾಳಿಗೆ, ಇಳಿಜಾರಿಗೆ ಜಾಗವೇ ಇಲ್ಲದ ಕೋಣೆ. ಇಂಥ ಕಡೆ ಪಂಪ್ ಬೇಕಾಗುತ್ತದೆ. ಚಿಕ್ಕ ಪಂಪ್‌ಗಳು ಯೂನಿಟ್ ಒಳಗೆ ಅಥವಾ ಪಕ್ಕದ ಕೇಸಿಂಗ್‌ನಲ್ಲಿ ಕೂರುತ್ತವೆ. ಒಂದು ಪುಟ್ಟ ತೊಟ್ಟಿ, ಅದರಲ್ಲಿ ತೇಲುವ ಫ್ಲೋಟ್. ನೀರು ಏರಿದಾಗ ಫ್ಲೋಟ್ ಏರಿ ಪಂಪ್ ಶುರುವಾಗುತ್ತದೆ, ಸಣ್ಣ ಪೈಪಿನಲ್ಲಿ ನೀರು ಮೇಲಕ್ಕೆ ತಳ್ಳುತ್ತದೆ. ಗಂಟೆಗೆ 2 ಲೀಟರ್ ಇವುಗಳಿಗೆ ಲೆಕ್ಕಕ್ಕೇ ಇಲ್ಲ. ಎಷ್ಟು ಎತ್ತರಕ್ಕೆ ತಳ್ಳುತ್ತದೆ ಅನ್ನುವುದನ್ನು ಮಾತ್ರ ನೋಡಿ, ಎತ್ತರ ಹೆಚ್ಚಿದಂತೆ ಹರಿವು ಕಡಿಮೆಯಾಗುತ್ತದೆ. ಸೀಲಿಂಗ್‌ನಲ್ಲಿ ಕೂರುವ ಕ್ಯಾಸೆಟ್ ಎಸಿಗಳಲ್ಲಿ ಪಂಪ್ ಸಾಮಾನ್ಯವಾಗಿ ಒಳಗೇ ಇರುತ್ತದೆ, ಆದರೆ ಅದು ಎತ್ತುವುದು ಮುಕ್ಕಾಲು ಮೀಟರ್ ಆಸುಪಾಸು ಅಷ್ಟೇ. ಎತ್ತಿದ ಮೇಲೆ ಪೈಪ್ ಇಳಿಜಾರಾಗಿಯೇ ಹೋಗಬೇಕು.

ಪಂಪ್ ಬಗ್ಗೆ ನನ್ನ ಅಸಮಾಧಾನ ಇಷ್ಟೇ: ಕೆಡುವ ದಿನ ಅದು ಹೇಳದೆ ಕೆಡುತ್ತದೆ. ಆ ಪುಟ್ಟ ತೊಟ್ಟಿ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ತಳದಲ್ಲಿ ಬೂದು ಬಣ್ಣದ ಪುಟ್ಟಿ ಪುಡಿ, ಅದರ ಮೇಲೆ ಜೆಲ್ಲಿಯಂಥ ಲೋಳೆ, ಆ ಲೋಳೆಗೆ ಅಂಟಿಕೊಂಡು ಅಲ್ಲಾಡದೆ ಕೂತ ಫ್ಲೋಟ್. ನೀರು ತುಂಬಿ ಹೊರಚೆಲ್ಲಿದರೂ ಪಂಪ್‌ಗೆ ನೀರು ಬಂದಿರುವುದೇ ಗೊತ್ತಿಲ್ಲ. ಇದಕ್ಕೆ ಮದ್ದಾಗಿ ಸಾಮಾನ್ಯವಾಗಿ ಪಂಪ್‌ನಲ್ಲಿ ಒಂದು ಸುರಕ್ಷಾ ವೈರ್ ಇರುತ್ತದೆ. ನೀರು ಮಿತಿ ಮೀರಿದರೆ ಅದು ಎಸಿಯನ್ನೇ ನಿಲ್ಲಿಸಬೇಕು. ಜೋಡಿಸಲು ಸ್ವಲ್ಪ ಕೆಲಸ ಜಾಸ್ತಿ ಅಂತ ಎಷ್ಟೋ ಕಡೆ ಅದನ್ನು ಹಾಗೇ ಸುತ್ತಿಟ್ಟು ಹೋಗುತ್ತಾರೆ. ಹಾಕಿದ ದಿನವೇ ಪಂಪಿನ ಹೊರಪೈಪನ್ನು ಮಡಚಿ ಹಿಡಿದು, ತೊಟ್ಟಿಗೆ ನೀರು ಬಿಟ್ಟು, ಹೊರಗಿನ ಕಂಪ್ರೆಸರ್ ನಿಲ್ಲುತ್ತದಾ ನೋಡಿ. ನಿಲ್ಲದಿದ್ದರೆ ಆ ವೈರ್ ಜೋಡಿಸುವವರೆಗೆ ಅವರನ್ನು ಬಿಡಬೇಡಿ. ಫ್ಲೋಟ್ ಅಂಟಿಕೊಂಡರೆ ಈ ವೈರಿಗೂ ಗೊತ್ತಾಗದಿರಬಹುದು, ಆದ್ದರಿಂದ ತೊಟ್ಟಿ ತೊಳೆಯುವುದು ತಪ್ಪುವುದಿಲ್ಲ.

ಸದ್ದು? ಕಾಗದದ ಮೇಲೆ ತೀರಾ ಕಡಿಮೆ. ಆದರೆ ಗೋಡೆಗೆ ತಾಗಿ ಕೂತರೆ ಗೋಡೆಯೇ ಗುಂಯ್‌ಗುಡುತ್ತದೆ. ತೊಟ್ಟಿ ಖಾಲಿಯಾಗುವಾಗ ಬರುವ ಸೊರ್ ಸದ್ದು ನಿದ್ದೆ ಸೂಕ್ಷ್ಮ ಇರುವವರಿಗೆ ಕಿರಿಕಿರಿ. ಮಲಗುವ ಕೋಣೆಯಾದರೆ ಪಂಪ್ ಹಾಕುವ ಬದಲು ಯೂನಿಟ್ಟನ್ನು ಹೊರಗೋಡೆಗೆ ಸ್ಥಳಾಂತರಿಸಲು ಆಗುತ್ತದಾ ಅಂತ ಎರಡು ಸಲ ಯೋಚಿಸಿ. ಮಂಚದ ಜಾಗ ಬದಲಾದೀತು, ಅಷ್ಟೇ ತಾನೆ?

ಬಕೆಟ್, ಟ್ಯಾಂಕ್

ಒಂದೇ ರಾತ್ರಿಗೆ ಬಕೆಟ್ ತುಂಬುವ ದಿನಗಳಿರುತ್ತವೆ, ಲೆಕ್ಕ ಮೇಲೆಯೇ ಇದೆ. ಊರಿಗೆ ಹೋದಾಗ ಮನೆಯಲ್ಲಿ ಉಳಿದವರು ಖಾಲಿ ಮಾಡಲು ಮರೆತರೆ ಮುಗಿಯಿತು. ಹಾಗಾಗಿ ಬಕೆಟ್ ಒಂದನ್ನೇ ನಂಬಬೇಡಿ. ಮೇಲೆ ಹೇಳಿದ ಯಾವುದಾದರೂ ದಾರಿ ಇರಲಿ, ನೀರು ಉಳಿಸುವ ಆಸೆ ಇದ್ದರೆ ಕೊನೆಯಲ್ಲಿ ಮುಚ್ಚಳವಿರುವ ಟ್ಯಾಂಕ್ ಇಟ್ಟು, ತುಂಬಿದ ಮೇಲಿನ ನೀರು ಚರಂಡಿಗೆ ಹೋಗಲು ಇನ್ನೊಂದು ಪೈಪ್ ಕೊಡಿ. ಮುಚ್ಚಳ ಸೊಳ್ಳೆಗಾಗಿ.

ನೀರು ಉಪಯೋಗಕ್ಕೆ ಬರುತ್ತದೆ. ಬುರ್ಜ್ ಖಲೀಫಾದಂಥ ಕಟ್ಟಡದಲ್ಲಿ ಎಸಿ ನೀರನ್ನೇ ಕೂಡಿಸಿ ತೋಟಕ್ಕೆ ಹರಿಸುತ್ತಾರೆ. ನೆಲ ಒರೆಸಲು, ಕಕ್ಕಸಿಗೆ, ಗಿಡಗಳಿಗೆ ಧಾರಾಳವಾಗಿ ಬಳಸಿ. ಲವಣ ಇಲ್ಲದ ನೀರು ಅಂತ ಕುಡಿಯಲು, ಕೋಣೆಯ ಹ್ಯುಮಿಡಿಫೈಯರ್‌ಗೆ ಹಾಕಲು ಹೋಗಬೇಡಿ. ಕಾಯಿಲ್‌ನ ಧೂಳು, ಟ್ರೇಯ ಲೋಳೆ, ಲೋಹದ ಅಂಶ ಎಲ್ಲ ಅದರಲ್ಲಿರುತ್ತದೆ.

ಸೀಲಿಂಗ್ ಒಳಗಿನ ಡಕ್ಟ್ ಎಸಿ

ಸೀಲಿಂಗ್ ಒಳಗೆ ಅಡಗಿ ಕೂತು ಅಗಲ ಕೊಳವೆಗಳ ಮೂಲಕ ಕೋಣೆಗೆ ತಣ್ಣನೆ ಗಾಳಿ ಕಳಿಸುವ ಎಸಿ ಇದು. ಇದರ ನಿಯಮವೇ ಬೇರೆ, ಬೆರೆಸಿಕೊಳ್ಳಬೇಡಿ. ಗೋಡೆಯ ಸ್ಪ್ಲಿಟ್‌ಗೆ ಸಾಮಾನ್ಯವಾಗಿ ಯು ಆಕಾರದ ಟ್ರ್ಯಾಪ್ ಬೇಡ, ಹಾಕಿದರೆ ಲೋಳೆ ಕಟ್ಟಲು ಒಂದು ಜಾಗ ಮಾಡಿಕೊಟ್ಟಂತೆ. ಆದರೆ ಡಕ್ಟ್ ಯೂನಿಟ್‌ನಲ್ಲಿ ಫ್ಯಾನ್ ಕಾಯಿಲ್ ಮೂಲಕ ಗಾಳಿ ಎಳೆಯುವಂತಿದ್ದರೆ ಟ್ರ್ಯಾಪ್ ಇರಲೇಬೇಕು. ಇಲ್ಲದಿದ್ದರೆ ಆ ಎಳೆತಕ್ಕೆ ಡ್ರೇನ್ ಪೈಪಿನಿಂದ ಗಾಳಿ ಒಳನುಗ್ಗಿ ನೀರನ್ನು ಟ್ರೇಯಲ್ಲೇ ತಡೆದು ನಿಲ್ಲಿಸುತ್ತದೆ. 250 ಪಾಸ್ಕಲ್ (ಒತ್ತಡದ ಅಳತೆ) ಎಳೆತ ಸುಮಾರು 2.5 ಸೆಂಟಿಮೀಟರ್ ನೀರನ್ನು ಎತ್ತಿ ಹಿಡಿಯುತ್ತದೆ, ಟ್ರ್ಯಾಪ್‌ನ ಆಳ ಅದಕ್ಕಿಂತ ಜಾಸ್ತಿ ಇರಬೇಕು. ಎಸಿ ಶುರುಮಾಡುವ ಕಾಲಕ್ಕೆ ಟ್ರ್ಯಾಪ್‌ಗೆ ನೀರು ತುಂಬಿಸಿ.

ಇದರ ಕೆಳಗೆ ಎರಡನೇ ಟ್ರೇ, ಅದರಲ್ಲೊಂದು ಫ್ಲೋಟ್ ಸ್ವಿಚ್ ಕಡ್ಡಾಯ ಅಂದುಕೊಳ್ಳಿ. ಎರಡನೇ ಟ್ರೇಯ ಪೈಪನ್ನು ಬೇಕಂತಲೇ ಕಣ್ಣಿಗೆ ಬೀಳುವ ಕಡೆ, ಕಿಟಕಿಯ ಮೇಲೋ ಬಾಲ್ಕನಿಯಲ್ಲೋ ಬಿಡಿಸಿ. ಅಲ್ಲಿ ಹನಿ ಬಿದ್ದರೆ ಮೊದಲ ಪೈಪ್ ಕಟ್ಟಿದೆ ಅಂತ ಅರ್ಥ.

ಮನೆ ಮುಗಿದಿದೆ, ಸೋರುತ್ತಿದೆ

ಮೊದಲು ಸ್ವಚ್ಛ ಮಾಡಿಸಿ. ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್ ತಂದು, ಪೈಪಿನ ಹೊರಬಾಯಿಗೆ ಒದ್ದೆ ಬಟ್ಟೆ ಸುತ್ತಿ ಬಿಗಿಯಾಗಿ ಹಿಡಿದು, ಒಂದೆರಡು ನಿಮಿಷ ಎಳೆಯಿರಿ. ಕೆಳಗಿನಿಂದ ಗಾಳಿ ಊದುವುದು ಬೇಡ, ಕೊಳೆಯೆಲ್ಲ ಯೂನಿಟ್ ಒಳಗೆ ಹೋಗುತ್ತದೆ. ಆಮೇಲೆ ಸಾಬೂನಿನ ಬಿಸಿನೀರೋ ನೀರು ಬೆರೆಸಿದ ವಿನೆಗರೋ ಸಾಕು. ಬ್ಲೀಚ್ ಕಾಯಿಲ್‌ನ ಅಲ್ಯುಮಿನಿಯಂಗೆ ಆಗುವುದಿಲ್ಲ. ವಿನೆಗರ್ ಜೊತೆ ಬ್ಲೀಚ್ ಸೇರಿಸಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ, ಎರಡನ್ನೂ ಒಂದೇ ದಿನ ಹತ್ತಿರಕ್ಕೂ ತರಬೇಡಿ.

ಸ್ವಚ್ಛ ಮಾಡಿದ ಮೇಲೂ ಬಾಟಲಿ ಪರೀಕ್ಷೆಯಲ್ಲಿ ನೀರು ತಡವರಿಸಿದರೆ ವಾಟವೇ ತಪ್ಪಿದೆ. ಆಗ ಇರುವುದು ಮೂರು ಆಯ್ಕೆ: ಗೋಡೆ ಒಡೆಯುವುದು, ಪಂಪ್ ಹಾಕುವುದು, ಗೋಡೆಯ ಮೇಲೆಯೇ ಹೊಸ ಪೈಪ್ ಎಳೆದು ಪ್ಲಾಸ್ಟಿಕ್ ಕೇಸಿಂಗ್ ಮುಚ್ಚುವುದು. ನನ್ನ ಓಟು ಮೂರನೆಯದಕ್ಕೆ. ಹೊಸ ಗೋಡೆಯ ಮೇಲೆ ಕೇಸಿಂಗ್ ಕಾಣುತ್ತದೆ ಅಂತ ಮನೆಯವರು ಮೂತಿ ಉಬ್ಬಿಸಬಹುದು. ಗೋಡೆಯ ಬಣ್ಣವನ್ನೇ ಅದಕ್ಕೂ ಹೊಡೆಸಿ, ಸ್ವಲ್ಪ ದಿನಕ್ಕೆ ಕಣ್ಣಿಗೆ ಬೀಳುವುದೂ ನಿಲ್ಲುತ್ತದೆ. ಒಡೆದರೆ ಪುಟ್ಟಿ ಧೂಳಿನ ಕಾಟ ಮತ್ತೆ ಮೊದಲಿನಿಂದ. ಹಳೆಯ ಪೈಪಿನ ಎರಡೂ ಬಾಯಿಗೆ ಮುಚ್ಚಳ ಅಂಟಿಸಿಬಿಡಿ, ಇಲ್ಲದಿದ್ದರೆ ಜಿರಳೆಗೆ ಅದೇ ಹೆದ್ದಾರಿ. ಹೊಸ ಪೈಪ್ ಶುರುವಾಗುವ ಕಡೆ ಟಿ ಆಕಾರದ ಒಂದು ಜಾಯಿಂಟ್ ಹಾಕಿಸಿ, ಅದರ ಮೇಲ್ಬಾಯಿಯ ಮುಚ್ಚಳಕ್ಕೆ ಮಾತ್ರ ಅಂಟು ಹಚ್ಚಬೇಡಿ ಅಂತ ಪ್ಲಂಬರ್‌ಗೆ ಮೊದಲೇ ಹೇಳಿ. ಮುಂದಿನ ಸಲ ಕಟ್ಟಿಕೊಂಡಾಗ ಕೈಯಲ್ಲೇ ತಿರುಗಿಸಿ ತೆಗೆದು, ಒಂದು ಚೊಂಬು ನೀರು ಹಾಕಬಹುದು.